ಅಪ್ಪನ ತಿಜೋರಿ, ಎದುರಿನ ಗೋಡೆ

ಅಪ್ಪ ತಿಜೋರಿ ತೆಗೆಯುವಾಗ ಪಡಸಾಲೆಯಲ್ಲಿದ್ದವರೆಲ್ಲ ಎದುರಿನ ಗೋಡೆಗೆ ಮುಖ ಮಾಡಿ ನಿಲ್ಲಬೇಕಿತ್ತು. ಇದು ಸರಕಾರದ ಕಾನೂನಲ್ಲ, ಅಪ್ಪನ ಕಾನೂನು. ಒಳಗಿದ್ದದ್ದು ಬಂಗಾರವೂ ಅಲ್ಲ. ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿದ್ದ ಒಂಟಿ ನಳಿಗೆಯ ಬಂದೂಕು. ನಮ್ಮೂರು ಹಾನಗಲ್ಲ ತಾಲೂಕಿನ ಕಾಡಂಚಿನದು. ಗೋವಿನಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ಹಂದಿಗಳು ಹಿಂಡುಗಟ್ಟಿ ಇಳಿಯುತ್ತವೆ. ಅಪ್ಪ ಮೇಲಕ್ಕೆ ಒಂದು ಗುಂಡು ಹಾರಿಸಿ ಬರುತ್ತಿದ್ದ, ಅಷ್ಟೇ. ನನಗೆ ತಿಳಿದ ಮಟ್ಟಿಗೆ ಆ ಬಂದೂಕು ಒಂದು ಜೀವವನ್ನೂ ತೆಗೆದಿಲ್ಲ.

"ಹಂದಿಗೂ ಗೊತ್ತೈತಿ, ನಿಮ್ಮಪ್ಪ ಮುಗಲಿಗೆ ಹೊಡಿತಾನಂತ" ಎಂದು ಅವ್ವ ನಗುತ್ತಿದ್ದಳು.

ವರ್ಷಕ್ಕೊಮ್ಮೆ ಪೊಲೀಸ್ ಠಾಣೆಯಿಂದ ಜಮಾದಾರರು ತಪಾಸಣೆಗೆ ಬರುತ್ತಿದ್ದರು. ಮೊದಲ ಸಲ ಬಂದವರು ಬಂದೂಕು ಗೂಟಕ್ಕೆ ನೇತಾಡುವುದನ್ನು ಕಂಡು ಚೆನ್ನಾಗಿ ಬೈದರಂತೆ. "ಎಲ್ಲಿ ಐತಿ ಅನ್ನೋದು ಮಂದಿಗೆ ಗೊತ್ತಿದ್ರೂ ನಡೀತೈತಿ. ಹೆಂಗ ತೆಗೀತೀರಿ ಅನ್ನೋದು ಮನಿಯವರಿಗೂ ಗೊತ್ತಾಗಬಾರದು" ಎಂದರಂತೆ. ಒಂದು ಹೇಳಿದರೆ ಹತ್ತು ಮಾಡುವ ಮನುಷ್ಯ ನಮ್ಮಪ್ಪ. ಹಿರೇಕೆರೂರಿನಲ್ಲಿ ಮುಚ್ಚಿಹೋದ ಅಂಗಡಿಯೊಂದರ ಆಳೆತ್ತರದ ತಿಜೋರಿಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ. ಪಡಸಾಲೆಯ ಗೋಡೆಗೆ ಬೋಲ್ಟ್ ಹಾಕಿಸಿದ. ಕಾಡತೂಸಿನ ಡಬ್ಬಿಗೆ ಮೇಲೆ ಬೇರೆ ಖಾನೆ ಮಾಡಿಸಿದ. ಕೀಲಿಕೈಯನ್ನು ಸೊಂಟದ ಉಡದಾರಕ್ಕೆ ಕಟ್ಟಿಕೊಂಡ. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ.

"ಕೀಲಿಕೈ ಯಾರ ಕಡೆ ಇರತೈತ್ರಿ?" ಎಂದು ಜಮಾದಾರರು ಕೇಳಬೇಕು, ಅಪ್ಪ ಹೊಟ್ಟೆಯನ್ನು ಒಳಗೆಳೆದುಕೊಂಡು ಅಂಗಿ ಎತ್ತಿ ತೋರಿಸಬೇಕು. ಆ ಒಂದು ಪ್ರಶ್ನೆಗಾಗಿಯೇ ಅವನು ವರ್ಷವಿಡೀ ಕಾಯುತ್ತಿದ್ದ ಎಂದು ನನ್ನ ಗುಮಾನಿ. ಈಚೆಗೆ ಹೊಸ ಜಮಾದಾರರೊಬ್ಬರು ಬರತೊಡಗಿದ್ದರು. ಮೊದಲ ಸಲ ಬಂದಾಗ ಅವರಿಗೂ ಅಪ್ಪ, "ಸಾಹೇಬ್ರ, ಸ್ವಲ್ಪ ಗೋಡಿ ಕಡೆ ಮುಖ ಮಾಡ್ರಿ" ಎಂದುಬಿಟ್ಟ.

"ಯಜಮಾನ್ರ, ನಾ ಗೋಡಿ ತಪಾಸಣೆಗೆ ಬಂದಿಲ್ರಿ" ಎಂದು ಅವರು ಬಿದ್ದು ಬಿದ್ದು ನಕ್ಕರು. ಅವರಿಗೆ ತೋರಿಸಿದ. ಅವರು ನೋಡುತ್ತಿದ್ದರು, ಹೆತ್ತ ಮಗಳು ನಾನು ನೋಡುವಂತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು.

ಆ ಗೋಡೆ ನನಗೆ ಬಾಯಿಪಾಠ. ಚಿಕ್ಕವಳಿದ್ದಾಗ ನನ್ನ ಕಣ್ಣಿನ ಎತ್ತರಕ್ಕೆ ಸುಣ್ಣದ ಹೆಕ್ಕಳಿಕೆ ಎದ್ದು, ಒಂದು ಕೋಡು ಮುರಿದ ಎತ್ತಿನಂತೆ ಕಾಣುತ್ತಿತ್ತು. ಬೆಳೆದಂತೆ ಎತ್ತು ಕೆಳಗುಳಿಯಿತು, ಒಂದು ಮೊಳೆ ಎದುರಾಯಿತು. ಬೆನ್ನ ಹಿಂದೆ ಕೀಲಿಕೈ ತಿರುಗುವ ಸಪ್ಪಳ, ಬಾಗಿಲು ನರಳುವುದು, ಎಣ್ಣೆಯ ವಾಸನೆ, ಬಟ್ಟೆ ಸರಿಯುವ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆ ಹೊತ್ತಿನಲ್ಲಿ ಅಪ್ಪ ಏನು ಮಾಡುತ್ತಿದ್ದನೋ ಶಿವನೇ ಬಲ್ಲ. ಕೊನೆಗೆ ಬಾಗಿಲು ಮುಚ್ಚುತ್ತಿತ್ತು. "ಹೂಂ, ತಿರಗ್ರಿ" ಎನ್ನುತ್ತಿದ್ದ. ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಜಮಾ ಮಾಡಬೇಕಿತ್ತಲ್ಲ, ಆ ದಿನಗಳಲ್ಲಿ ಖಾಲಿ ತಿಜೋರಿ ಒರೆಸುವಾಗಲೂ ನಾವು ಗೋಡೆ ನೋಡುತ್ತಲೇ ನಿಲ್ಲುತ್ತಿದ್ದೆವು.

"ಒಂದ ಸಲ ನೋಡ್ತೇನಪ್ಪಾ."

"ಬಂದೂಕ ಹೊರಗ ಬಂದಾಗ ನೋಡವ್ವ. ಒಳಗೇನೈತಿ ನೋಡಾಕ?"

ಅವ್ವ ಮಾತ್ರ ಈ ಕಾನೂನಿಗೆ ಎಂದೂ ತಲೆಬಾಗಲಿಲ್ಲ. ಅಡಿಗೆಮನೆಯಿಂದಲೇ, "ನನಗ ರೊಟ್ಟಿ ಬಡಿಯೋದೈತಿ. ಗೋಡಿ ನೋಡಾಕ ನನಗೇನ ಹುಚ್ಚ ಹಿಡದೈತೇನು?" ಎಂದು ಕೂಗುತ್ತಿದ್ದಳು. ಜೀವಮಾನದಲ್ಲಿ ಒಂದು ಸಲವೂ ಬಂದು ನಮ್ಮ ಸಾಲಿನಲ್ಲಿ ನಿಂತವಳಲ್ಲ.

ನನ್ನನ್ನು ಇದೇ ಊರಲ್ಲಿ, ಎರಡು ಓಣಿ ಆಚೆಗೆ ಕೊಟ್ಟಿದ್ದರು. ಹಾಗಾಗಿ ಮಕ್ಕಳ ತಾಯಿಯಾದ ಮೇಲೂ ನನಗೆ ಈ ಶಿಕ್ಷೆ ತಪ್ಪಿರಲಿಲ್ಲ. ಈಗ ಅದನ್ನು ಶಿಕ್ಷೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆ "ಹೂಂ" ಒಂದನ್ನು ಇನ್ನೊಮ್ಮೆ ಕೇಳುವುದಾದರೆ ದಿನವಿಡೀ ಗೋಡೆಗೆ ಮುಖ ಮಾಡಿ ನಿಂತೇನು.

ಹೋದ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಅಪ್ಪ ಹೋದ. ಬೆಳಗಿನ ಚಹಾ ಕುಡಿದು ಕಪ್ಪು ಕೆಳಗಿಟ್ಟವನು ಮತ್ತೆ ಏಳಲಿಲ್ಲ. ಮೈ ತೊಳೆಯುವಾಗ ಹಿರಿಯರೊಬ್ಬರು ಉಡದಾರ ಹರಿಯಲು ಬ್ಲೇಡು ಕೇಳಿದರು. ಸತ್ತವರ ಮೈಮೇಲೆ ಅದನ್ನು ಉಳಿಸಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ನಾನು ಅಡ್ಡ ಬಿದ್ದೆ.

"ಹರೀಬ್ಯಾಡ್ರಿ. ಹಂಗ ಇರ್ಲಿ. ಅಪ್ಪ ಅದನ್ನ ಯಾವತ್ತೂ ಬಿಚ್ಚಿಲ್ರಿ."

ನನ್ನ ಅಳು ನೋಡಲಾರದೆ ಅವರು ಸುಮ್ಮನಾದರು. ಕೀಲಿಕೈ ಕಂಡವರೂ ತಾಯತ ಎಂದುಕೊಂಡಿರಬೇಕು. ನನಗಂತೂ ಅದರ ನೆನಪೇ ಇರಲಿಲ್ಲ. ಮಣ್ಣು ಕೊಟ್ಟು ಬಂದೆವು.

ದಿನಕರ್ಮ ಮುಗಿದ ಮೇಲೆ ಜಮಾದಾರರು ಬಂದರು. ಲೈಸೆನ್ಸ್ ಇದ್ದವರು ತೀರಿಕೊಂಡರೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು, ಬೇಕಿದ್ದರೆ ವಾರಸುದಾರರು ಮುಂದೆ ಅರ್ಜಿ ಹಾಕಬಹುದು ಎಂದು ತಿಳಿಸಿ ಹೇಳಿದರು. ಅಪ್ಪನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದರು. ಚಹಾ ಕುಡಿದರು. ಆಮೇಲೆ ರೂಢಿಯಂತೆ ಕೇಳಿದರು. "ಕೀಲಿಕೈ ಯಾರ ಕಡೆ ಐತ್ರಿ?"

ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ ನೋಡಿದೆ. 

"ಅಪ್ಪನ ಕಡೇನ ಐತ್ರಿ" ಎಂದೆ. ಜಮಾದಾರರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡರು. ಕಾಗದದಲ್ಲಿ "ಕೀಲಿಕೈ ಕಳೆದಿದೆ" ಎಂದು ಬರೆಯತೊಡಗಿದಾಗ ನಾನು ಸುಮ್ಮನಿರಲಾರದೆ, "ಕಳದಿಲ್ರಿ, ಎಲ್ಲಿ ಐತಿ ಅಂತ ಗೊತ್ತೈತ್ರಿ" ಎಂದೆ.

"ಅಕ್ಕಾರ, ಗೊತ್ತೈತಿ ಅಂತ ಬರದ್ರ ನಾ ಗೋರಿ ಅಗಿಸಬೇಕಾಗತೈತಿ. ಕಳದೈತಿ ಅಂತನ ಇರ್ಲಿ ಬಿಡ್ರಿ."

ಸವಣೂರಿನಿಂದ ಕೀಲಿ ರಿಪೇರಿಯವನನ್ನು ಕರೆಸಿ, ಗುರುವಾರ ತಮ್ಮ ಎದುರಿಗೇ ತೆಗೆಸುವುದೆಂದು ಹೇಳಿದರು. ನನಗೆ ಬಂದೂಕು ಬೇಕಿರಲಿಲ್ಲ, ಅರ್ಜಿಯೂ ಬೇಡ. ಆದರೆ ಅಪ್ಪ ಕೊನೆಯ ಸಲ ತನ್ನ ಕೈಯಾರೆ ಅದನ್ನು ಹೇಗೆ ಇಟ್ಟಿದ್ದನೋ ಹಾಗೆ ಒಂದು ಸಲ ನೋಡಬೇಕಿತ್ತು, ಬೇರೆ ಯಾರ ಕೈಯೂ ತಾಗುವ ಮೊದಲು. ಈ ಭೂಮಿಯ ಮೇಲೆ ಅವನು ಇಟ್ಟದ್ದು ಇಟ್ಟ ಹಾಗೆಯೇ ಉಳಿದಿದ್ದ ಜಾಗ ಅದೊಂದೇ. ಬಾಯಿಬಿಟ್ಟು ಕೇಳಿಕೊಂಡೆ. "ಮದಲ ನೀವು ನೋಡ್ರಿ, ಆಮ್ಯಾಲ ನಾವು ಕೈ ಹಚ್ತೇವಿ" ಎಂದು ಜಮಾದಾರರು ಮಾತು ಕೊಟ್ಟರು. ಗುರುವಾರದ ತನಕ ದಿನವೂ ಹೋಗಿ ತಿಜೋರಿಯ ಮುಂದೆ ಕೂತು ಬಂದೆ.

ಗುರುವಾರ ಕೀಲಿಯವನು ತಾಸುಗಟ್ಟಲೆ ತಿಣುಕಾಡಿದ. ಊಟದ ಹೊತ್ತಿಗೆ ಒಳಗೆ ಏನೋ ಕಳಚಿಕೊಂಡಿತು. ಬಾಗಿಲು ಅದೇ ಹಳೆಯ ದನಿಯಲ್ಲಿ ನರಳಿತು.

ಆ ದನಿ ಕಿವಿಗೆ ಬಿದ್ದದ್ದೇ ತಡ, ನಾನು ಗೋಡೆಗೆ ತಿರುಗಿ ನಿಂತಿದ್ದೆ. ತಿರುಗಬೇಕೆಂದು ತಿರುಗಿದ್ದಲ್ಲ. ಮೊಳೆ ಎದುರಿಗಿತ್ತು. ಪಕ್ಕದಲ್ಲಿ ಬಳೆ ಸದ್ದಾಯಿತು. ನೋಡಿದರೆ ಅವ್ವ. ಕೈಗೆ ಹತ್ತಿದ ರೊಟ್ಟಿಯ ಹಿಟ್ಟು ಹಾಗೇ ಇತ್ತು. ಅವಳೂ ಗೋಡೆಗೆ ಮುಖ ಮಾಡಿ ನಿಂತಿದ್ದಳು.

"ಅಕ್ಕಾರ, ನೋಡ್ರಿ. ನಾವು ಇನ್ನೂ ಕೈ ಹಚ್ಚಿಲ್ಲ" ಎಂದರು ಜಮಾದಾರರು.

ಎಣ್ಣೆಯ ವಾಸನೆ ನಮ್ಮ ತನಕ ಬಂದಿತ್ತು. ತಿರುಗಬೇಕೆಂದು ಜೀವ ಒದ್ದಾಡುತ್ತಿತ್ತು, ಕುತ್ತಿಗೆ ಮಾತ್ರ ಒಪ್ಪಲಿಲ್ಲ.

"ತಡೀರಿ" ಎಂದಳು ಅವ್ವ, ಗೋಡೆಯಿಂದ ಕಣ್ಣು ಕೀಳದೆ. "ನಮ್ಮ ಮನಿಯವರು ಇನ್ನೂ ಹೂಂ ಅಂದಿಲ್ರಿ."

ಜಮಾದಾರರು ಬಹಳ ಹೊತ್ತು ಕಾದರು. ಆಮೇಲೆ ಬಟ್ಟೆ ಸರಿಯುವ ಸದ್ದು ಕೇಳಿತು. ನಾವು ತಿರುಗಿದಾಗ ಬಂದೂಕು ಜಮಾದಾರರ ಕೈಯಲ್ಲಿತ್ತು, ತಿಜೋರಿ ಖಾಲಿಯಾಗಿತ್ತು.