ಹೊರಬೀಡಿನ ದಿನ ಒಳಗುಳಿದವಳು

ನಮ್ಮ ಊರಿನಲ್ಲಿ ನನಗೆ ‘ವಾಕಿಂಗ್ ಅಮ್ಮಾರು’ ಎಂದು ಹೆಸರು. ಎಪ್ಪತ್ತೆರಡು ತುಂಬಿದ ಮೇಲೆ ಸಿಕ್ಕ ಬಿರುದು ಇದು. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು ನಾನು. ಬೆಳಗಿನ ಡ್ರಿಲ್ಲಿನಲ್ಲಿ “ಶೋಲ್ಡರ್ಸ್ ಬ್ಯಾಕ್, ಗರ್ಲ್ಸ್!” ಎಂದು ಕೂಗುತ್ತಿದ್ದ ಸಿಸ್ಟರ್ ಒಬ್ಬರ ದನಿ ಇನ್ನೂ ನನ್ನ ಬೆನ್ನುಮೂಳೆಯಲ್ಲಿದೆ. ಆದರೆ ಮದುವೆಯಾಗಿ ಕೊಟ್ಟೂರಿಗೂ ಉಜ್ಜಿನಿಗೂ ನಡುವಿನ ಈ ಹಳ್ಳಿಗೆ ಬಂದ ಮೇಲೆ ನಾನು ಬಿಸಿಲಿಗೆ ಬಿದ್ದವಳಲ್ಲ. ಗಂಡ ಇದ್ದಾಗಲೂ, ಹೋದ ಮೇಲೂ, ಪಡಸಾಲೆಯ ಕುರ್ಚಿ, ಕೈಯಲ್ಲೊಂದು ಮ್ಯಾಗಜೀನ್. ಹೊಲ ಮನೆ ಎರಡನ್ನೂ ಹೊತ್ತವಳು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಒಂದೇ ಮನೆಯಲ್ಲಿ, ಒಂದೇ ಒಲೆಯ ಮೇಲೆ ಬದುಕಿದವರು ನಾವು.

“ನೀ ಇಂಗ್ಲಿಷ್ ಬುಕ್ ಓದಕ್ಕ, ಶೇಂಗಾದಾಗಿನ ಕಸ ನಾ ಕೀಳ್ತೀನಿ. ನೀ ಕೀಳಾಕ ಬಂದ್ರ ಶೇಂಗಾನ ಕಿತ್ತಿಡ್ತಿ,” ಎಂದು ನಗುತ್ತಿದ್ದಳು. ನಡೆದರೆ ಹಿಂದೆ ಧೂಳು ಏಳಬೇಕು, ಹಾಗೆ ನಡೆಯುವ ಹೆಂಗಸು.

ಕೊರೊನಾ ಎರಡನೇ ಅಲೆಯ ಬೇಸಿಗೆಯಲ್ಲಿ ಎಲ್ಲ ಬುಡಮೇಲಾಯಿತು. ಕೊಟ್ಟೂರಿನಲ್ಲಿ ಒಂದು ನಿಶ್ಚಿತಾರ್ಥಕ್ಕೆ ಹೋಗಿಬಂದ ಅವಳಿಗೆ ಜ್ವರ ಬಂತು. ನಾಲ್ಕು ದಿನ ಬಿಟ್ಟು ಮೈದುನನಿಗೆ. ಅವಳದು ಇಳಿಯಿತು, ಅವನದು ಏರಿತು. ಆಂಬುಲೆನ್ಸ್ ಹತ್ತುವಾಗ ಅವನು ತಿರುಗಿ ನೋಡಿದ್ದು ಎತ್ತುಗಳ ಕಡೆಗೆ. “ನೀರು ಕುಡಿಸ್ರಿ ಅವಕ್ಕ” ಎಂದದ್ದೇ ಕೊನೆಯ ಮಾತು. ಆರನೆಯ ದಿನ ಆಸ್ಪತ್ರೆಯಿಂದ ಫೋನ್ ಬಂತು. ಅಲ್ಲಿನವರೇ ಮಣ್ಣು ಮಾಡಿದರು. ನಮಗೆ ಮುಖ ಕಂಡಿದ್ದು ಮೊಬೈಲಿನಲ್ಲಿ, ಅದೂ ನೆಟ್‌ವರ್ಕ್ ನಿಂತು ನಿಂತು.

ಅವಳು ಅಳಲಿಲ್ಲ. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಕುಳಿತು ಅವರ ಗುಣ, ಗೆಯ್ಮೆ, ಆಡಿದ ಮಾತು ಎಲ್ಲವನ್ನೂ ಹಾಡಾಡಿಕೊಂಡು ಅಳುತ್ತಾರೆ. ಎದುರಿಗೆ ಹೆಣವಿಲ್ಲ, ಸುತ್ತ ಕೂಡಲು ನೆರೆಯವರಿಲ್ಲ. ಯಾರ ಮುಂದೆ ಹಾಡಾಡಿಕೊಳ್ಳಬೇಕು? ಅಡುಗೆಮನೆಯ ಪಕ್ಕದ ಕಾಳಿನ ಕೋಣೆ ಸೇರಿ ಗೋಡೆಗೆ ಮುಖ ಮಾಡಿ ಮಲಗಿದಳು. ನೆಗೆಟಿವ್ ರಿಪೋರ್ಟ್ ಬಂದು ವಾರಗಳಾದರೂ ಹೊರಗೆ ಬರಲಿಲ್ಲ. ಒಬ್ಬಳೇ ಇದ್ದಾಗಲೂ ಬಾಯಿಗೆ ಸೆರಗು. ಪಕ್ಕದ ಮನೆಯ ಮಗು ಹೊಸ್ತಿಲಿಗೆ ಬಂದರೆ “ಎತ್ಕೊಂಡು ಹೋಗ್ರಿ ಅದನ್ನ!” ಎಂದು ಒಳಗಿಂದ ಚೀರುತ್ತಿದ್ದಳು.

“ನನ್ನ ಉಸಿರು ಅವರನ್ನ ತಿಂತಕ್ಕ. ಬೀದಿಗೆ ಹೋದ್ರ ಇನ್ಯಾರನ್ನ ತಿಂತೈತೋ.”

“ಲೇ, ರಿಪೋರ್ಟ್ ನೋಡಿಲ್ಲೇನು? ನಿನ್ನಾಗ ಏನೂ ಇಲ್ಲ.”

“ರಿಪೋರ್ಟಿಗೇನು ಗೊತ್ತು?”

ಹರಪನಹಳ್ಳಿಯಲ್ಲಿರುವ ನನ್ನ ಮಗಳು ದಿನವೂ ಫೋನ್ ಮಾಡುತ್ತಿದ್ದಳು. “ಮಮ್ಮಿ, ಇದು ಡಿಪ್ರೆಷನ್. ಚಿಗವ್ವನ ಮೈಮ್ಯಾಲೆ ಬಿಸಿಲು ಬೀಳ್ಬೇಕು. ಹೊರಗ ಕರ್ಕೊಂಡು ಹೋಗಿ ನಡಿಸು.” ಆದರೆ ಹೇಗೆ ನಡೆಸಬೇಕು? ಎಳೆದರೆ ಕಲ್ಲಿನಂತೆ ಕೂಡುವವಳನ್ನು?

ಅವಳಿಗೆ ಆಸೆ ಹುಟ್ಟಿಸಲೆಂದೇ ನಾನು ನಡೆಯತೊಡಗಿದ್ದು. ಸುಳ್ಳೇಕೆ, ನನಗಾಗಿಯೂ ಹೌದು. ಮನೆಯೊಳಗೆ ಅವಳ ಸೆರಗಿನ ಉಸಿರು ಕೇಳುತ್ತ ಕುಳಿತರೆ ನನ್ನ ಎದೆಯೂ ಬಿಗಿಯುತ್ತಿತ್ತು. ಬೆಳಿಗ್ಗೆ ಹೊಲದ ಬದುವಿನ ಗುಂಟ ಹಳ್ಳದವರೆಗೆ ಹೋಗುವುದು, ಬರುವುದು. ಊರಲ್ಲಿ ಒಬ್ಬೊಬ್ಬರೇ ಸಾಯುತ್ತಿರುವಾಗ ಕೈ ಬೀಸಿಕೊಂಡು ನಡೆಯುವ ಮುದುಕಿಯನ್ನು ಕಂಡು ಜನ ನಕ್ಕರು. ನಗಲಿ ಬಿಡಿ. ಬಂದ ಮೇಲೆ ಹಿತ್ತಲಿನಲ್ಲಿ, ಅವಳ ಕಿಟಕಿಗೆ ಕಾಣುವ ಹಾಗೆ, ಲೆಫ್ಟ್ ರೈಟ್ ಡ್ರಿಲ್. ಒಮ್ಮೆ ಮಾತ್ರ ಒಳಗಿಂದ ದನಿ ಬಂತು.

“ಅಕ್ಕ, ಕೋಳಿ ಓಡಿಸ್ದಂಗ ಕಾಣ್ತಿ.”

ಆ ಒಂದು ಮಾತು ಹಿಡಿದು ನಾನು ಹದಿನೈದು ದಿನ ಬದುಕಿದೆ. ಮತ್ತೆ ಅವಳು ಮಾತಾಡಲಿಲ್ಲ. ಊಟ ಅರ್ಧ ರೊಟ್ಟಿಗೆ ಇಳಿಯಿತು. ಹಿತ್ತಲಿನ ಬಾವಿಗೆ ಕಬ್ಬಿಣದ ಮುಚ್ಚಳ ಹೊಚ್ಚಿ, ಮೇಲೆ ಎರಡು ಕಲ್ಲು ಹೇರಿ, ಏಕೆಂದು ಯಾರಿಗೂ ಹೇಳದೆ ಇದ್ದೆ.

ಅಷ್ಟರಲ್ಲಿ ಊರವರು ಹೊರಬೀಡು ಮಾಡುವುದೆಂದು ತೀರ್ಮಾನಿಸಿದರು. ಪ್ಲೇಗು, ಕಾಲರಾ ಬಂದ ಕಾಲದಿಂದಲೂ ಇರುವ ಪದ್ಧತಿ. ಒಂದು ಮಂಗಳವಾರ ಸೂರ್ಯ ಮೂಡುವ ಮುಂಚೆ ಇಡೀ ಊರು ಒಲೆಯ ಕೆಂಡಕ್ಕೆ ನೀರು ಸುರಿದು, ಮನೆಗೆ ಕೀಲಿ ಹಾಕಿ, ದನ, ಕುರಿ, ಕೋಳಿಗಳ ಸಮೇತ ಹೊಲಕ್ಕೆ ಹೋಗಬೇಕು. ಅಗಸಿಗೆ, ಅಂದರೆ ಊರಬಾಗಿಲಿಗೆ, ಮುಳ್ಳು ಹಚ್ಚುತ್ತಾರೆ. ಸಂಜೆಯವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ತಿನ್ನಲು ಯಾರೂ ಸಿಗದೆ ಮಾರಿ ಬೇಸತ್ತು ಊರು ಬಿಟ್ಟು ಹೋಗುತ್ತಾಳೆ. ಗುಂಪು ಸೇರಬಾರದೆಂಬ ಲಾಕ್‌ಡೌನ್ ಕಾನೂನು ಅದರ ಪಾಡಿಗೆ ಅದಿತ್ತು. ಡಂಗುರ ಸಾರಿದ ದಿನ ನಾನು ಸೂಪರ್‌ಸ್ಟಿಶನ್ ಎಂದು ಗೊಣಗಿದೆ. ಆಮೇಲೆ ಅನ್ನಿಸಿತು, ಬಯಲು, ಗಾಳಿ, ಬಿಸಿಲು... ಮಗಳು ಹೇಳುವುದೂ ಇದನ್ನೇ ಅಲ್ಲವೇ? ಇಡೀ ಊರೇ ಹೊರಟರೆ ಇವಳೂ ಬಂದಾಳು.

ಊರಿನ ಹಿರಿಯ ಗೌಡರು ಮನೆ ಮನೆಗೂ ಬಂದು ಹೇಳಿದರು. “ಅಮ್ಮಾರ, ಒಂದು ನರಪಿಳ್ಳಿನೂ ಊರಾಗ ಉಳೀಬಾರದು ನೋಡ್ರಿ. ಉಳಿದ್ರ ಎಲ್ಲಾರ ಮಾಡಿದ್ದೂ ಮಣ್ಣಾಗ ಹೋಕೈತಿ.”

ಅವರು ಹೋದ ಮೇಲೆ ಕೋಣೆಯಿಂದ ಅವಳ ದನಿ. “ನಾ ಬರಂಗಿಲ್ಲ. ಅಷ್ಟು ಮಂದಿ ನಡುವ, ಹುಡುಗ್ರು ಹುಪ್ಪಡಿ ನಡುವ ನಾ ಕುಂದರಂಗಿಲ್ಲ. ಒಳಗಿಟ್ಟು ಕೀಲಿ ಹಾಕಿ ಹೋಗು. ಕೇಳಿದ್ರ ತವರಿಗೆ ಹೋಗ್ಯಾಳ ಅನ್ನು.”

ಬೇಡಿದೆ, ಬೈದೆ, ಕಾಲು ಹಿಡಿಯಲೂ ಬಗ್ಗಿದೆ. ಕಡೆಗೆ ಸೋತೆ.

ಮಂಗಳವಾರ ಬೆಳಿಗ್ಗೆ ನೋಡಿದರೆ ಅವಳು ತಾನಾಗಿಯೇ ಎದ್ದು ತಲೆಗೆ ಎರೆದುಕೊಂಡಿದ್ದಳು. ತಿಂಗಳ ಮೇಲೆ ಮೊದಲ ಸಲ. ಮಡಿಸಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು. ನನಗೆ ಹಿಗ್ಗೋ ಹಿಗ್ಗು. ಎರಡು ರೊಟ್ಟಿ, ಶೇಂಗಾ ಚಟ್ನಿ ಮುಚ್ಚಿಟ್ಟು ಒಲೆಗೆ ನೀರು ಸುರಿದೆ.

“ಸಂಜಿಗೆ ನಿದಾನ ಬಾ ಅಕ್ಕ,” ಎಂದಳು. ನಾನು ಕೀಲಿ ತಿರುಗಿಸಿದೆ.

ಅಗಸಿಯಲ್ಲಿ ಗೌಡರು ತಲೆ ಎಣಿಸುತ್ತಿದ್ದರು. “ನಿಮ್ಮ ನೆಗೆಣ್ಣಿ ಎಲ್ರಿ?”

“ಕೋಗಳಿಗೆ. ತವರಿಗೆ ಹೋಗ್ಯಾಳ.”

“ಬಸ್ಸಿಲ್ಲ, ಟಂಟಂ ಇಲ್ಲ, ಹೆಂಗ ಹೋದ್ಲು?”

“ಬೈಕಿನ ಮ್ಯಾಲೆ. ಅವರಣ್ಣ ಬಂದಿದ್ದ.”

ಕಾನ್ವೆಂಟಿನಲ್ಲಿ ಒಂದು ಸುಳ್ಳಿಗೆ ಒಂದು ಗಂಟೆ ಮೊಣಕಾಲೂರಬೇಕಿತ್ತು. ಇಲ್ಲಿ ಗೌಡರು “ಹೌದ?” ಎಂದು ನನ್ನನ್ನೇ ನೋಡಿ ದಾರಿ ಬಿಟ್ಟರು.

ಹೊಲ ನೋಡಬೇಕಿತ್ತು ಅಂದು. ಬೇವಿನ ಮರ, ಹುಣಸೆ ಮರಗಳ ಕೆಳಗೆಲ್ಲ ಮೂರು ಕಲ್ಲಿನ ಒಲೆ, ಹೋಳಿಗೆಯ ವಾಸನೆ, ಗೂಟಕ್ಕೆ ಕಟ್ಟಿದ ಹೋತ, ಕುಕ್ಕೆಯ ಕೆಳಗಿನ ಕೋಳಿಗಳು. ತಿಂಗಳುಗಟ್ಟಲೆ ಒಳಗೆ ಬೆಂದಿದ್ದ ಜನ ಬಾಯಿ ತುಂಬ ಮಾತಾಡುತ್ತಿದ್ದರು. ಪಕ್ಕದ ಮನೆಯಾಕೆ ನನಗೊಂದು ಹೋಳಿಗೆ ಹಾಕಿ ಕೀಟಲೆ ಮಾಡಿದಳು. “ಇವತ್ತು ಊರಾಗಿನ ಮಂದಿಯೆಲ್ಲ ವಾಕಿಂಗ್ ಬಂದೈತಿ ನೋಡ್ರಿ ಅಮ್ಮಾರ. ನಿಮ್ಮ ಬ್ಯಾಟ್ರಿ ಶೂ ಒಂದು ಕಡಿಮಿ ಎಲ್ಲಾರ ಕಾಲಾಗ.” ನಡೆದರೆ ಕೆಂಪು ಲೈಟು ಮಿಣುಗುವ ಆ ಶೂ ನನ್ನ ಮೊಮ್ಮಗಳು ಬಿಟ್ಟುಹೋದದ್ದು, ವಾಕಿಂಗಿಗೆ ನಾನು ಅದನ್ನೇ ಹಾಕುತ್ತಿದ್ದೆ. ನಾನೂ ನಕ್ಕೆ. ಆಕೆ ಹೋಳಿಗೆಗೆ ತುಪ್ಪ ಸುರಿಯುತ್ತ, “ನಮ್ಮತ್ತಿ ಇವತ್ತು ತಲಿಗೆ ಎರಕೊಂಡ್ಲು ನೋಡ್ರಿ. ಸಾಯೋ ಮುಂದ ಮಡಿ ಆಗಿರಬೇಕಂತ, ಅಷ್ಟು ಹೆದ್ರಿಕಿ ಅಕಿಗೆ,” ಎಂದಳು.

ಹೋಳಿಗೆಯನ್ನು ಕೆಳಗಿಟ್ಟೆ.

ತಲೆಗೆ ಎರೆದುಕೊಂಡದ್ದು. ಇಳಕಲ್ ಸೀರೆ. ನಿದಾನ ಬಾ ಅಕ್ಕ. ಇಡೀ ಊರಿನಲ್ಲಿ ಒಬ್ಬರೂ ಇಲ್ಲದ ದಿನವನ್ನು ಅವಳು ಆರಿಸಿಕೊಂಡಿದ್ದಳು. ಕೀಲಿ ಹಾಕಿದವಳು ನಾನು.

ಅಗಸಿಗೆ ಓಡಿದೆ. ಜಾಲಿ ಮುಳ್ಳಿನ ಈಚೆ ಗೌಡರು ಕೋಲು ಅಡ್ಡ ಇಟ್ಟುಕೊಂಡು ಕುಳಿತಿದ್ದರು. ನಿಜ ಹೇಳಿದರೆ ಇಡೀ ಊರು ನಮ್ಮ ಮೇಲೆ ಬೀಳುತ್ತದೆ. ನಾಳೆ ಯಾರು ಸತ್ತರೂ ಅವಳ ತಲೆಗೆ. ಆಗ ಅವಳು ಉಳಿಯುವುದಾದರೂ ಹೇಗೆ?

“ಬಿಪಿ ಗುಳಿಗಿ ಮರ್ತು ಬಂದೀನಿ ಗೌಡ್ರ. ಐದೇ ಮಿನಿಟು.”

“ನಮ್ಮವ್ವಂದು ಐತಿ, ತಡೀರಿ,” ಎಂದು ಅಂಗಿಯ ಜೇಬಿನಿಂದ ಸ್ಟ್ರಿಪ್ ತೆಗೆದು ಒಂದು ಗುಳಿಗೆ ಒತ್ತಿ ನನ್ನ ಕೈಯಲ್ಲಿಟ್ಟರು. “ಇದೇ ಅಲ್ರಿ? ನೀರು ಬೇಕೇನು?”

ಗುಳಿಗೆ ಮುಷ್ಟಿಯಲ್ಲಿಟ್ಟುಕೊಂಡು ತಿರುಗಿದೆ. ಅಗಸಿ ಬಿಟ್ಟರೆ ಹಳ್ಳದ ದಾರಿ. ಊರನ್ನು ಅರ್ಧ ಸುತ್ತಿ ನಮ್ಮ ಹಿತ್ತಲಿನ ಹಿಂದೆ ಬರುವ ದಾರಿ, ದಿನವೂ ನಾನು ಮುಟ್ಟಿ ತಿರುಗುತ್ತಿದ್ದ ಹಳ್ಳವೇ. ನಡು ಮಧ್ಯಾಹ್ನ. ಉಸುಕು ಕೆಂಡದಂತೆ ಕಾದಿತ್ತು. ಓಡುವ ವಯಸ್ಸಲ್ಲ. ಲೆಫ್ಟ್, ರೈಟ್, ಲೆಫ್ಟ್, ರೈಟ್ ಎಂದು ಬಾಯಲ್ಲೇ ಹೇಳಿಕೊಂಡು ನಡೆದೆ. ನಡುವೆ ದೇವರ ಹೆಸರು ಹೇಳಲು ಹೋದರೆ ಬಾಯಿಗೆ ಬಂದದ್ದು ಕಾನ್ವೆಂಟಿನ ಪ್ರೇಯರ್. ಅದೂ ಅರ್ಧ ಮರೆತುಹೋಗಿತ್ತು. ಇಷ್ಟು ದಿನ ನಡೆದದ್ದು ಈ ಒಂದು ದಾರಿಗೇ ಇರಬೇಕು, ತಡವಾಯಿತೇನೋ ಎಂದುಕೊಂಡು ಹೆಜ್ಜೆ ಚುರುಕು ಮಾಡಿದೆ.

ಹಿತ್ತಲಿನ ಬಾಗಿಲು ತೆರೆದಿತ್ತು. ಕೋಣೆ ಖಾಲಿ. ರೊಟ್ಟಿ ಮುಟ್ಟಿರಲಿಲ್ಲ. ಬಾವಿಯ ಮೇಲೆ ಮುಚ್ಚಳ, ಅದರ ಮೇಲೆ ಕಲ್ಲು, ಇಟ್ಟಂತೆಯೇ. ಒಳಗೆ ಬಿದ್ದವರು ಮೇಲೆ ಕಲ್ಲು ಹೇರಿಕೊಳ್ಳುವುದಿಲ್ಲ ಎಂಬ ಕಾಮನ್ ಸೆನ್ಸ್ ಕೂಡ ನನಗೆ ಉಳಿದಿರಲಿಲ್ಲ. ಮುಚ್ಚಳದ ಸಂದಿಗೆ ಬಾಯಿಟ್ಟು ಅವಳನ್ನು ಕೂಗಿದೆ. ನನ್ನ ದನಿಯೇ ತಿರುಗಿ ಬಂತು.

ಬೀದಿಗೆ ಬಂದೆ. ಐವತ್ತು ವರ್ಷ ಇದ್ದ ಬೀದಿಯ ಗುರುತು ಸಿಗಲಿಲ್ಲ. ಸಾಲಾಗಿ ಕೀಲಿ ಹಾಕಿದ ಬಾಗಿಲುಗಳು. ಒಂದು ಕೋಳಿಯಿಲ್ಲ, ನಾಯಿಯಿಲ್ಲ. ಬೀದಿಯ ಆ ತುದಿಯಲ್ಲಿ, ಮಠದ ಹತ್ತಿರ, ಇಳಕಲ್ ಸೀರೆ.

ನಡೆಯುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಿ ತೆರೆದುಕೊಂಡು, ಒದ್ದೆ ಕೂದಲು ಬೆನ್ನ ಮೇಲೆ ಬಿಟ್ಟು, ಭುಜ ಹಿಂದೆ ಮಾಡಿ ಕೈ ಬೀಸುತ್ತಿದ್ದಳು. ಕಿಟಕಿಯಿಂದ ನೋಡಿ ಕಲಿತದ್ದು.

“ಯಾರೂ ಇಲ್ಲಕ್ಕ,” ಎಂದಳು, ಏದುಸಿರಿನಲ್ಲಿ. “ಇತ್ಲಾಗ ಏಳು ಸಲ ತಿರುಗ್ಯಾಡೀನಿ. ಎಷ್ಟು ಉಸಿರು ಬಿಟ್ರೂ ಯಾರಿಗೂ ಏನೂ ಆಗಂಗಿಲ್ಲ.”

ನಾನು ಅವಳ ಕೆನ್ನೆಗೆ ಬಾರಿಸಿದೆ. ಜೀವಮಾನದಲ್ಲಿ ಒಬ್ಬರ ಮೇಲೆ ಕೈ ಎತ್ತಿದ್ದು ಅದೊಂದೇ ಸಲ. ಅವಳು ಕೆನ್ನೆ ಮುಟ್ಟಿಕೊಂಡು ನನ್ನನ್ನು ನೋಡಿದಳು, ಕೀಲಿ ಹಾಕಿದ ಮನೆಗಳನ್ನು ನೋಡಿದಳು. ಆಮೇಲೆ ನಡುಬೀದಿಯಲ್ಲಿ ಕುಸಿದು ಕುಳಿತು ಹಾಡಾಡಿ ಅತ್ತಳು. ಎತ್ತಿನ ಹೆಸರು ಹೇಳಿ ಅತ್ತಳು, ಅವನು ಹಚ್ಚಿದ ಹುಣಸೆ ಗಿಡ ಹೇಳಿ ಅತ್ತಳು, ನೀರು ಕುಡಿಸ್ರಿ ಅಂದ್ಯಲ್ಲೋ ನಿನಗ್ಯಾರು ನೀರು ಕೊಟ್ರೋ ಎಂದು ಎದೆ ಬಡಿದುಕೊಂಡು ಅತ್ತಳು. ತಿಂಗಳಿಂದ ತಡೆದದ್ದು. ಅವಳ ಬಾಯಿ ಮುಚ್ಚಬೇಕೆಂದು ಗೊತ್ತಿದ್ದೂ ನಾನು ಮುಚ್ಚಲಿಲ್ಲ.

ಅವಳನ್ನು ಒಳಗೆ ಬಿಟ್ಟು ಹಳ್ಳದಿಂದಲೇ ಹೊಲಕ್ಕೆ ಮರಳಿದೆ. ಎಲ್ಲಿ ಹೋಗಿದ್ರಿ ಎಂದರೆ ವಾಕಿಂಗ್ ಎಂದೆ. ಯಾರೂ ಎರಡನೆಯ ಮಾತು ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಹೆಂಗಸರೆಲ್ಲ ಎದ್ದು ನಿಂತು ಊರಿನ ಕಡೆ ಕೈ ಮುಗಿದಿದ್ದರು. ಪಕ್ಕದ ಮನೆಯಾಕೆ ನನ್ನ ತೋಳು ಹಿಡಿದಳು.

“ಕೇಳಿದ್ರೇನು ಅಮ್ಮಾರ? ಊರೊಳಗ ಹೆಣ್ಮಗಳು ಅತ್ತಂಗಾತು. ಮಾರಿ ರೀ! ಯಾರೂ ಸಿಗ್ಲಿಲ್ಲಂತ ಅತ್ಗೊಂತ ಹೋದ್ಲು!”

ಸಂಜೆ ಬೇವಿನ ತೋರಣದ ಕೆಳಗೆ, ನೀರು ಚಿಮುಕಿಸಿಕೊಂಡು ಊರು ಹೊಕ್ಕರು. ನನ್ನ ಸರದಿ ಬಂದಾಗ ಗೌಡರು ತಗ್ಗಿದ ದನಿಯಲ್ಲಿ ಕೇಳಿದರು. “ಗುಳಿಗಿ ಹಿಡೀತೇನ್ರಿ?” ನನ್ನ ಮುಷ್ಟಿಯಲ್ಲಿ ಅದು ಬೆವರಿಗೆ ಕರಗಿ ಹಿಟ್ಟಾಗಿತ್ತು. ಹೂಂ ಎಂದೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಮುಂದಿನ ವಾರ ಊರಲ್ಲಿ ಇನ್ನಿಬ್ಬರು ಹೋದರು. ಕಿಟಕಿಯಿಂದ ಸುದ್ದಿ ಕೇಳಿಸಿಕೊಂಡ ಅವಳು ಮತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ನಾ ಉಳಿದಿದ್ದಕ್ಕ ಏನಕ್ಕ?” ಅವರಿಗೆ ಮೊದಲೇ ಜ್ವರವಿತ್ತು ಎಂದೆ. ಇತ್ತೋ ಇಲ್ಲವೋ ನನಗೇನು ಗೊತ್ತು? ಹೊಲದಲ್ಲಿ ಒತ್ತೊತ್ತಾಗಿ ಕುಳಿತು ಉಂಡಿದ್ದೇ ಕಾರಣವೋ ಏನೋ. ಅವಳು ನಂಬಲಿಲ್ಲ. ಅಂದಿನಿಂದ ಇಂದಿನವರೆಗೂ ನಂಬಿಲ್ಲ.

ಆದರೆ ಒಂದನ್ನು ಕಂಡುಕೊಂಡೆ. ನಮ್ಮ ಸೀಮೆಯ ಬಿಸಿಲಿಗೆ ಮಧ್ಯಾಹ್ನ ಒಂದರಿಂದ ಎರಡರವರೆಗೆ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಆ ಹೊತ್ತಿಗೆ ನಾನು ಮೊದಲು ಹೊರಬಂದು ಆ ತುದಿ ಈ ತುದಿ ನೋಡುತ್ತೇನೆ. ಅವಳು ಬಾಗಿಲ ಹಿಂದೆ ನಿಂತಿರುತ್ತಾಳೆ. ಈಗ ಮಾಸ್ಕ್ ಎಂದರೆ ಜನ ನಗುತ್ತಾರೆ, ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ನಾವಿಬ್ಬರು ಮಾತ್ರ ಇನ್ನೂ ಸುಡುವ ಬಿಸಿಲಿನಲ್ಲಿ ಒಂದು ಕೊಡೆಯ ಕೆಳಗೆ ಮಠದವರೆಗೆ ಹೋಗಿ ಬರುತ್ತೇವೆ. ಬಿಪಿ ಇರುವವರು ಹೀಗೆ ಮಾಡಬಾರದೆಂದು ಮಗಳು ಬೈಯುತ್ತಾಳೆ. ಅವಳಿಗೆ ಇದು ಬಿಟ್ಟು ಬೇರೆ ಹೊತ್ತಿಲ್ಲ ಎಂದರೆ ಮಗಳಿಗೆ ಅರ್ಥವಾಗುವುದಿಲ್ಲ.

ಮೊನ್ನೆ ನಾನು ಹೊರಬಂದಾಗ ಗೌಡರು ತಮ್ಮ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಅವರು ನನ್ನನ್ನು ನೋಡಿದರು, ನನ್ನ ಹಿಂದಿನ ಕತ್ತಲೆಯಲ್ಲಿ ಅಲುಗಿದ ಸೀರೆಯ ಅಂಚನ್ನು ನೋಡಿದರು. ಎಲೆಯನ್ನು ಮಡಿಸಲೂ ಇಲ್ಲ. ಹಾಗೆಯೇ ಹಿಡಿದುಕೊಂಡು, ಮೊಣಕಾಲಿಗೆ ಕೈಯೂರಿ ಎದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

“ಯಾರರ ಅದಾರೇನಕ್ಕ?” ಎಂದಳು ಹಿಂದಿನಿಂದ.

“ಯಾರೂ ಇಲ್ಲ, ಬಾ,” ಎಂದೆ.