ದೊಡ್ಡಮ್ಮನ ಶತ್ರು

ದೊಡ್ಡಮ್ಮ ಬೆಂಕಿ ಉಗುಳುವುದನ್ನು ನಿಲ್ಲಿಸಿದಾಗಿನಿಂದ ಇಸ್ತ್ರಿ ಅಂಗಡಿಯ ಸೊಸೆಗೆ ಊಟ ಸೇರುತ್ತಿರಲಿಲ್ಲ. ಹಾಗೆ ನೋಡಿದರೆ ಅವಳಿಗೆ ಊಟ ಸೇರದಿರಲು ಯಾವಾಗಲೂ ಏನಾದರೊಂದು ಕಾರಣ ಇದ್ದೇ ಇರುತ್ತಿತ್ತು. ಕುಕ್ಕರ್ ಕೂಗದಿದ್ದರೆ ಒಂದು ಚಿಂತೆ, ಕೂಗಿದರೆ ಇನ್ನೊಂದು. ಮಗು ಅತ್ತರೆ ಹೊಟ್ಟೆನೋವೋ ಏನೋ ಎಂದು, ಅಳದಿದ್ದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು. ಮಾತುಮಾತಿಗೂ "ಏನಾದ್ರೂ ಆದ್ರೆ?" ಅನ್ನುತ್ತಿದ್ದಳಾದ್ದರಿಂದ ಬೀದಿಯವರು ಅವಳಿಗೆ ಅದನ್ನೇ ಹೆಸರಾಗಿ ಇಟ್ಟಿದ್ದರು. ಎದುರಿಗೆ ಮಾತ್ರ ಅಕ್ಕ ಅನ್ನುತ್ತಿದ್ದರು.

ದೊಡ್ಡಮ್ಮ ಅಂದರೆ ಅಂಗಡಿಯ ಡ್ರ್ಯಾಗನ್. ತೀರಿಹೋದ ಮಾವ ಅದು ಮರಿಯಾಗಿದ್ದಾಗ ತಂದು ಸಾಕಿದ್ದು. ಈಗ ಎಮ್ಮೆಯಷ್ಟು ಮೈ, ಎಮ್ಮೆಯಷ್ಟೇ ಸೋಮಾರಿತನ. ಬೆಳಗ್ಗೆ ಸೊಸೆಯ ಗಂಡ ಇಸ್ತ್ರಿ ಪೆಟ್ಟಿಗೆಗಳ ಮುಚ್ಚಳ ತೆಗೆದು ಕಲ್ಲಿನ ಮೇಲೆ ಸಾಲಾಗಿ ಇಟ್ಟರೆ, ದೊಡ್ಡಮ್ಮ ಕುತ್ತಿಗೆ ಚಾಚಿ ಒಂದೊಂದರ ಹೊಟ್ಟೆಗೂ ಊದುತ್ತಿತ್ತು. ಹತ್ತಿ ಬಟ್ಟೆಗೆ ದೊಡ್ಡ ಉಸಿರು, ರೇಷ್ಮೆಗೆ ಬರೀ ನಿಟ್ಟುಸಿರು. ಊದಿದ ಮೇಲೆ ಗೋಡೆ ಕಡೆ ತಿರುಗಿ ನಿದ್ದೆ.

ಸೊಸೆ ಬೆಳೆದದ್ದು ವಿದ್ಯುತ್ ಇಸ್ತ್ರಿ ಇದ್ದ ಮನೆಯಲ್ಲಿ, ಓದಿದ್ದು ದೊಡ್ಡ ಶಾಲೆಯಲ್ಲಿ. ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲೇ ನಿಂತು, "ಇದು ಕಚ್ಚುತ್ತಾ?" ಎಂದು ಕೇಳಿದ್ದಳು.

"ಕಚ್ಚಲ್ಲ," ಎಂದ ಗಂಡ. "ಸುಡುತ್ತೆ."

ಅಂಥವಳು ಬಸುರಿಯಾಗಿ ಸೊಂಟ ನೋವೆಂದು ನರಳುವಾಗ ದೊಡ್ಡಮ್ಮ ತಾನಾಗಿ ಎದ್ದು ಬಂದು, ಬಿಸಿ ಬಾಲವನ್ನು ಅವಳ ಬೆನ್ನಿಗೆ ಆನಿಸಿ ಮಲಗಿತ್ತು. ಆಮೇಲೆ ದಿನಾ ಮಧ್ಯಾಹ್ನ ಅದೇ ಕೆಲಸ. ಯಾರೂ ಹೇಳಿರಲಿಲ್ಲ. ಅಂದಿನಿಂದ ಅವಳ ಚಿಂತೆಯ ಸಾಲಿನಲ್ಲಿ ದೊಡ್ಡಮ್ಮನೂ ಸೇರಿಕೊಂಡಿತು.

ಹೆರಿಗೆಗೆಂದು ಊರಿನ ಆ ತುದಿಯಲ್ಲಿದ್ದ ತವರಿಗೆ ಹೋದವಳು, ಮಗುವನ್ನೆತ್ತಿಕೊಂಡು ಅಲ್ಲಿಂದ ಸಿಟ್ಟಿನಲ್ಲಿ ಹಿಂದಿರುಗಿದ್ದಳು. ಅಮ್ಮ ಒಣಗಿದ ಬಟ್ಟೆ ತೆಗೆಯಲು ಹೋದ ಗಳಿಗೆಯಲ್ಲಿ ಮಗು ಮಂಚದಿಂದ ಉರುಳಿ ಹಣೆಗೆ ಬುಗುಟೆದ್ದಿತ್ತು. "ಇನ್ನು ನಿನ್ನ ಕೈಗೆ ಮಗು ಕೊಟ್ರೆ ಕೇಳು," ಎಂದಿದ್ದಳು ಅಮ್ಮನಿಗೆ. ಬುಗುಟು ಬೇಗ ಇಳಿಯಿತು. ಮಾತು ಇಳಿಯಲಿಲ್ಲ, ಫೋನೂ ಹೋಗಲಿಲ್ಲ. ಮನೆಯಿದ್ದ ಮಹಡಿಯ ಮೇಲೆ ಮಗುವನ್ನು ಒಂಟಿಯಾಗಿ ಬಿಟ್ಟರೆ ಏನಾದರೂ ಆದರೆ ಎಂದು ತೊಟ್ಟಿಲನ್ನು ಅಂಗಡಿಯೊಳಗೇ ಕಟ್ಟಿಸಿ, ಕಣ್ಣ ರೆಪ್ಪೆಯ ಹಾಗೆ ಕಾಯುತ್ತ ಕೂತಳು.

ದೊಡ್ಡಮ್ಮನ ಬೆಂಕಿ ಮೊದಲು ಮಂಕಾಯಿತು, ಆಮೇಲೆ ಹೊಗೆಯಾಯಿತು, ಕೊನೆಗೆ ಅದೂ ಇಲ್ಲ. ಗಂಡ ಇದ್ದಿಲು ತಂದು ಪೆಟ್ಟಿಗೆಗೆ ತುಂಬಿದ. ಗಿರಾಕಿಗಳ ಅಂಗಿಯ ಮೇಲೆ ಕಿಡಿ ಹಾರಿ ತೂತು ಬಿದ್ದಾಗ ಎಲ್ಲರಿಗೂ ವಿಷಯ ತಿಳಿಯಿತು. ತಿಳಿದ ಮೇಲೆ ಬೀದಿ ಸುಮ್ಮನಿರುತ್ತದೆಯೇ?

"ಇರುವೆ ಅಕ್ಕಾ, ಇರುವೆ," ಎಂದ ಪಕ್ಕದ ದರ್ಜಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಮೂಗಲ್ಲಿ ಗೂಡು ಕಟ್ಟಿದ್ರೆ ಮುಗೀತು ಕಥೆ."

ಅವಳು ಟಾರ್ಚ್ ಹಿಡಿದು ದೊಡ್ಡಮ್ಮನ ಎರಡೂ ಹೊಳ್ಳೆ ನೋಡಿದಳು. ದೊಡ್ಡಮ್ಮ ಸೀನಿತು. ಇರುವೆ ಇರಲಿಲ್ಲ.

"ಗಿಡುಗ," ಎಂದ ಹಾಲಿನವನು. "ಮೇಲಿಂದ ಬಂದು ಕಣ್ಣಿಗೇ ಕುಕ್ಕುತ್ತೆ. ಡ್ರ್ಯಾಗನ್‌ಗೆ ಹುಟ್ಟಾ ವೈರಿ."

"ಇದು ಸೂರಿನ ಕೆಳಗೆ ಇರೋದಲ್ವೇನಪ್ಪ?"

"ಹೌದಲ್ವಾ," ಎಂದು ಅವನು ಯೋಚಿಸಿದ. "ಆದ್ರೂ ಕಿಟಕಿ ಹಾಕಿಡಿ."

ನಿವೃತ್ತ ಮೇಷ್ಟ್ರು, ಒಗೆದ ಪಂಚೆಯ ಗಂಟು ಕೆಳಗಿಳಿಸುತ್ತ, "ಡ್ರ್ಯಾಗನ್‌ಗೆ ನಿಜವಾದ ಶತ್ರು ಅಂದ್ರೆ ಶೂರರು. ಕುದುರೆ ಮೇಲೆ ಕತ್ತಿ ಹಿಡ್ಕೊಂಡು ಬರೋರು," ಎಂದರು.

"ಅವರ ಮೊಮ್ಮಕ್ಕಳೆಲ್ಲ ಈಗ ನಮ್ಮ ಗಿರಾಕಿಗಳೇ ಸಾರ್," ಎಂದ ಗಂಡ. "ಕಾಲರ್ ಗರಿಗರಿ ಇದ್ರೆ ಸಾಕು, ಯಾರನ್ನೂ ಕೊಲ್ಲಲ್ಲ."

ಅವಳು ಒಂದು ದಪ್ಪ ಪುಸ್ತಕ ಕೊಂಡು ತಂದಳು. ಅದರಲ್ಲಿ ಮೊಟ್ಟೆ ಕದಿಯುವ ಉಡ, ರೆಕ್ಕೆ ಕೊರೆಯುವ ಹಿಮದ ಹುಳು, ಶ್ವಾಸಕೋಶಕ್ಕೆ ಹತ್ತುವ ಬೂಷ್ಟು, ಬೆಟ್ಟದ ರಾಕ್ಷಸರು, ಎಲ್ಲರ ಚಿತ್ರವೂ ಇತ್ತು. ಬೂಷ್ಟಿಗೆಂದು ಗೋಡೆ ಉಜ್ಜಿದಳು. ರಾಕ್ಷಸರಿಗೆ ಏನು ಮಾಡಬೇಕೆಂದು ತೋಚದೆ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದಳು.

ಡ್ರ್ಯಾಗನ್ ಡಾಕ್ಟರಮ್ಮ ಬಂದು ದೊಡ್ಡಮ್ಮನ ಹೊಟ್ಟೆಗೆ ಬೆರಳಿನಿಂದ ಬಡಿದು ಕಿವಿಯಿಟ್ಟರು.

"ಬೆಂಕಿ ಬೇಕಾದಷ್ಟಿದೆ. ಆಚೆ ಬಿಡ್ತಿಲ್ಲ, ಒಳಗೇ ನುಂಗ್ತಿದೆ. ಹೀಗೇ ಇನ್ನೊಂದು ವಾರ ಹೋದ್ರೆ ಕರುಳು ಬೆಂದು ಸಾಯುತ್ತೆ."

"ಯಾಕೆ ಹಾಗೆ?"

"ಮಾತು ಬಂದಿದ್ರೆ ಅದನ್ನೇ ಕೇಳ್ತಿದ್ದೆ," ಎಂದು ಡಾಕ್ಟರಮ್ಮ ಕಷಾಯದ ಬಾಟಲಿ ಕೊಟ್ಟು ಹೋದರು. ದೊಡ್ಡಮ್ಮ ಕಷಾಯವನ್ನು ನಿಷ್ಠೆಯಿಂದ ಕುಡಿಯಿತು. ಏನೂ ಆಗಲಿಲ್ಲ.

ಎರಡು ದಿನ ಬಿಟ್ಟು ಮಗುವಿಗೆ ಸೂಜಿ ಹಾಕಿಸುವುದಿತ್ತು. ಅವಳು ಆಸ್ಪತ್ರೆಯಿಂದ ಬರುವಾಗ ಬೀದಿಯ ತಿರುವಿನಲ್ಲೇ ಕಾದ ಕಬ್ಬಿಣದ ವಾಸನೆ ಬಂತು. ಗಂಡ ಅಂಗಡಿ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಬೀಸುತ್ತಿದ್ದ.

"ಊದಿತು ಕಣೇ! ಮೂರು ಪೆಟ್ಟಿಗೆ! ಬಾ, ಬಾ, ನಾಲ್ಕನೇದಕ್ಕೆ ಬಾಯಿ ತೆಗೀತಿದೆ!"

ಅವಳು ಮಗುವಿನೊಂದಿಗೆ ಒಳಗೆ ಕಾಲಿಟ್ಟಳು. ದೊಡ್ಡಮ್ಮ ತಿರುಗಿ ನೋಡಿ, ತೆರೆದ ಬಾಯನ್ನು ಟಪ್ ಎಂದು ಮುಚ್ಚಿಕೊಂಡಿತು. ಗಂಟಲಲ್ಲಿ ಏನೋ ದೊಡ್ಡದು ಕೆಳಗಿಳಿದದ್ದು ಕಂಡಿತು. ಕಣ್ಣಲ್ಲಿ ನೀರು ಬಂತು. ಆಮೇಲೆ ಮೂತಿಯಿಂದ ಖಾಲಿ ತೊಟ್ಟಿಲನ್ನು ಮೆಲ್ಲಗೆ ಅವಳ ಕಡೆ ನೂಕಿತು.

ಅವಳು ಹಿಂದಕ್ಕೆ ಹೆಜ್ಜೆಯಿಟ್ಟು ಬೀದಿಯ ತಿರುವಿನವರೆಗೂ ಹೋದಳು. ಒಳಗೆ ಬುಸ್ಸೆಂದು ಸದ್ದಾಯಿತು. ಹಿಂದಿರುಗಿದಳು, ನಿಂತಿತು. ಮತ್ತೊಮ್ಮೆ ಹೋದಳು, ಬಂದಳು.

"ಏನಕ್ಕಾ, ವಾಕಿಂಗಾ?" ಎಂದ ದರ್ಜಿ.

ಇರುವೆಯಲ್ಲ, ಗಿಡುಗವಲ್ಲ, ರಾಕ್ಷಸನೂ ಅಲ್ಲ. ಶತ್ರು ಅವಳ ಕಂಕುಳಲ್ಲಿ ಹೆಬ್ಬೆರಳು ಚೀಪುತ್ತಿತ್ತು.

ಸಂಜೆ ಡಾಕ್ಟರಮ್ಮ ಮತ್ತೆ ಬಂದು ಎಲ್ಲ ಕೇಳಿಸಿಕೊಂಡರು. "ಅಯ್ಯೋ, ಇದನ್ನ ತನ್ನ ಮರಿ ಅಂದ್ಕೊಂಡಿದೆ. ಎಲ್ಲಿ ಸುಟ್ಟುಬಿಡ್ತೀನೋ ಅಂತ ಉಸಿರು ಕಟ್ಟಿದೆ. ಕಾಡಲ್ಲೂ ಹೀಗೇ. ಅಲ್ಲಿ ಇನ್ನೊಂದು ಹೆಣ್ಣು ಬಂದು ಮರಿ ನೋಡ್ಕೊಳ್ಳುತ್ತೆ, ತಾಯಿ ಗುಡ್ಡದ ಹಿಂದೆ ಹೋಗಿ ಬೆಂಕಿಯೆಲ್ಲ ಕಾರ್ಕೊಂಡು ಬರುತ್ತೆ. ಒಂದಷ್ಟು ದಿನ, ಹಗಲಲ್ಲಿ ಮಗೂನ ಬೇರೆ ಕಡೆ ಬಿಡಿ. ಮಹಡಿ ಮೇಲೆ ಆಗಲ್ಲ, ಹಲಗೆ ಸಂದಿಂದ ವಾಸನೆ ಇಳಿಯುತ್ತೆ."

"ನಾನೂ ಜೊತೆಗೆ ಹೋಗ್ತೀನಿ."

"ನೀವು ಹೋಗೋ ಹಾಗಿಲ್ಲ. ಒಂದೆರಡು ಗಂಟೆ ಆದ್ರೆ ಪರವಾಗಿಲ್ಲ, ದಿನವಿಡೀ ಇಬ್ರೂ ಕಾಣದಿದ್ರೆ ಅದಕ್ಕೆ ಗಾಬರಿಯಾಗುತ್ತೆ. ಮರಿ ಎಲ್ಲಿ ಅಂತ ಅದು ನಿಮ್ಮ ಮುಖ ನೋಡುತ್ತೆ. ನೀವು ಎದುರಿಗೆ ಕೂತು ನಿಶ್ಚಿಂತೆಯಿಂದ ಇದ್ರೆ, ಓಹೋ ಮರಿ ಕ್ಷೇಮ ಅಂತ ನಂಬಿ ಊದುತ್ತೆ. ಇಲ್ದಿದ್ರೆ ಹುಡುಕಿಕೊಂಡು ಬೀದಿಗಿಳಿಯುತ್ತೆ, ಊಟ ಬಿಡುತ್ತೆ."

"ನಿಶ್ಚಿಂತೆಯಿಂದಾನಾ?" ಎಂದಳು ಅವಳು, ಯಾವ ಅಂಗಡಿಯಲ್ಲೂ ಸಿಗದ ಔಷಧಿಯ ಹೆಸರು ಕೇಳಿದವಳಂತೆ.

ಗಂಡ ಕೆಮ್ಮಿದ. "ಬೇರೆ ದಾರಿ ಏನಾದ್ರೂ ಇದೆಯಾ ಡಾಕ್ಟ್ರೇ?"

ಡಾಕ್ಟರಮ್ಮ ಅವಳ ಮುಖ ನೋಡಿದರು, ದೊಡ್ಡಮ್ಮನ ಹೊಟ್ಟೆ ನೋಡಿದರು. "ಇಲ್ಲ," ಎಂದರು.

ಅವರು ಹೋದ ಮೇಲೆ ಅವಳು ಬಟ್ಟೆಯ ಗಂಟಿನ ಮೇಲೆ ಕೂತಳು. ದರ್ಜಿಯ ಹೆಂಡತಿಗೆ ಬಿಟ್ಟರೆ? ಅಲ್ಲಿ ಎಲ್ಲೆಲ್ಲೂ ಸೂಜಿ. ಹಾಲಿನವನ ಮನೆಯಲ್ಲಿ ಹಸು ಒದ್ದರೆ? ಮೇಷ್ಟ್ರು ಪಾಠ ಮಾಡಿಬಿಟ್ಟರೆ? ಯಾರ ಮನೆ ನೆನೆದರೂ ಮಗು ಬಿದ್ದೇಳುತ್ತಿತ್ತು. ಹಿಂದಿನಿಂದ ದೊಡ್ಡಮ್ಮ ತೆವಳಿಕೊಂಡು ಬಂದು ಬಾಲವನ್ನು ಅವಳ ಬೆನ್ನಿಗೆ ಆನಿಸಿತು. ಬಾಲ ಕೆಂಡದಂತೆ ಸುಡುತ್ತಿತ್ತು. ಸೀರೆ ಸೀದ ವಾಸನೆ ಬಂದರೂ ಅವಳು ಸರಿಯಲಿಲ್ಲ.

ಫೋನ್ ತೆಗೆದಳು. ಮೊದಲ ಗಂಟೆಗೇ ಆ ಕಡೆ ಎತ್ತಿದರು.

"ಏನಾಯ್ತೇ? ಮಗು ಹುಷಾರಾಗಿದೆ ತಾನೆ? ಜ್ವರ ಗಿರ ಏನಾದ್ರೂ ಬಂತಾ?"

"ಏನೂ ಆಗಿಲ್ಲಮ್ಮ." ದೊಡ್ಡಮ್ಮನ ಹಾಗೆಯೇ ಏನನ್ನೋ ನುಂಗಿಕೊಂಡಳು. "ನಾಳೆ ಬೆಳಗ್ಗೆ ಪುಟ್ಟೀನ ಕರ್ಕೊಂಡು ಬರ್ಲಾ? ಸಂಜೆವರೆಗೂ ನಿನ್ನ ಹತ್ರ ಇರ್ಲಿ."

"ನೀನು?"

"ನಾನು ಇಲ್ಲೇ ನಿಶ್ಚಿಂತೆಯಿಂದ ಕೂತಿರ್ಬೇಕಂತೆ. ಡಾಕ್ಟರು ಹೇಳಿದಾರೆ."

"ನಿನ್ನ ಕೈಲಿ ಆಗುತ್ತಾ ಅದು?"

"ನೋಡ್ತೀನಿ."

ಅಮ್ಮ ಮೂಗೊರೆಸಿಕೊಂಡದ್ದು ಕೇಳಿಸಿತು. "ಸರಿ, ಬಾ," ಎಂದಳು. "ಹಾಸಿಗೆ ನೆಲಕ್ಕೇ ಹಾಕಿರ್ತೀನಿ."