ಶಕೀಲಾಳ ಮಾತ್ರೆ ಮತ್ತು ನನ್ನ ಬ್ಲಾಗು

ಬೆಳಿಗ್ಗೆ ಕೊಳಾಯಿ ನೀರು ಹಿಡಿದೆ. ರಾಗಿ ಕೇರಿ ಬಿಸಿಲಿಗೆ ಹಾಕಿದೆ. ಸೀಮೆಎಣ್ಣೆಗೆ ಸಾಲು ನಿಂತು ಬಂದೆ. ಹನ್ನೊಂದು ಗಂಟೆಗೆ ಎದುರುಮನೆಯ ಶಕೀಲಾಳನ್ನು ಕರೆದು ಕೂರಿಸಿ ಹೇಳಿದೆ — ಆರು ವರ್ಷದ ಹಿಂದೆ ನಿನ್ನ ಗುಟ್ಟು ಬಯಲು ಮಾಡಿದವಳು ನಿನ್ನ ನಾದಿನಿ ಮುಮ್ತಾಜ್ ಅಲ್ಲ, ನಾನು.

ಓದುವ ನಿಮಗೂ ಹೇಳಬೇಕು, ಈ ಸಲ ಹೆಸರುಗಳನ್ನು ಬದಲಿಸಿ. ತಪ್ಪು ನಡೆದದ್ದು ಇದೇ ಬ್ಲಾಗಿನಲ್ಲಿ.

ಆಗ ಶಿಡ್ಲಘಟ್ಟದ ನಮ್ಮ ಮನೆಗೆ ಇಂಟರ್ನೆಟ್ ಬರುತ್ತಿದ್ದುದು ಟೆಲಿಫೋನ್ ತಂತಿಯಲ್ಲಿ, ತೆವಳಿಕೊಂಡು. ಹಗುರವಾದ ಬ್ಲಾಗೇ ಸಾಕೆಂದು ಒಂದು ಪುಟ್ಟ ಪ್ರೋಗ್ರಾಂ ಹಾಕಿಕೊಂಡೆ. ಒಂದು ಫೋಲ್ಡರಿನಲ್ಲಿರುವ ಬರಹಗಳನ್ನೆಲ್ಲ ಅದು ಪುಟಗಳಾಗಿ ಮಾಡಿಕೊಡುತ್ತದೆ. ಅವನ್ನು ಸರ್ವರಿಗೆ ಏರಿಸಿದರೆ ಮುಗಿಯಿತು. ಹೊರಗೆ ಹೋಗಬಾರದ ಬರಹದ ತಲೆಗೆ ‘ಕರಡು’ ಎಂದು ಬರೆಯಬೇಕು, ಅಷ್ಟೆ. ನನ್ನ ದಿನಚರಿಯನ್ನೂ ಅಲ್ಲೇ ಇಡುತ್ತಿದ್ದೆ — ಯಾಕೆ ಬೇರೆ ಇಡಲಿಲ್ಲವೋ...

ಶಕೀಲಾ ಆಗ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕುದಿನೀರಿನ ತೊಟ್ಟಿಯ ಮುಂದೆ ಕೂರುತ್ತಿದ್ದಳು. ಅವಳಿಗೆ ಫಿಟ್ಸ್ ಇತ್ತು. ಮಾತ್ರೆ ನುಂಗುತ್ತಿದ್ದುದು ಮುಮ್ತಾಜಳಿಗೆ ಮತ್ತು ನನಗೆ ಮಾತ್ರ ಗೊತ್ತಿತ್ತು. “ಸಾವ್ಕಾರ್ರಿಗೆ ಗೊತ್ತಾದ್ರೆ ನಾಳೆಯಿಂದ ಬರಬೇಡ ಅಂತಾರೆ ಅಕ್ಕ” ಎಂದಿದ್ದಳು. ಆ ಮಾತನ್ನೂ ಅಂದಿನ ದಿನಚರಿಗೆ ಇಳಿಸಿದೆ, ಹೆಸರು ಸಮೇತ. ‘ಕರಡು’ ಹಾಕಲು ಮರೆತೆ.

ಮಾರನೆಯ ದಿನ ಬ್ಲಾಗಿನಲ್ಲಿ ಅದನ್ನು ಕಂಡೆ. ಫೋಲ್ಡರಿನಿಂದ ಬರಹ ಅಳಿಸಿ ಎಲ್ಲವನ್ನೂ ಮತ್ತೆ ಏರಿಸಿದೆ. ಬ್ಲಾಗಿನ ಮುಖಪುಟದ ಪಟ್ಟಿಯಿಂದ ಬರಹದ ಶೀರ್ಷಿಕೆ ಹೋಯಿತು, ಪುಟವೂ ಹೋಯಿತೆಂದುಕೊಂಡೆ. ಹೋಗಿರಲಿಲ್ಲ. ಪ್ರೋಗ್ರಾಂ ಹೊಸ ಪುಟ ಮಾಡುತ್ತದೆ, ಸರ್ವರಿನಲ್ಲಿರುವ ಹಳೆಯದನ್ನು ತೆಗೆಯುವುದಿಲ್ಲ — ಅದನ್ನು ನಾವೇ ತೆಗೆಯಬೇಕು. ಎಂಟು ದಿನ ಅದು ಅಲ್ಲೇ ಇತ್ತು, ಇಂಟರ್ನೆಟ್ಟಿನಲ್ಲಿ ಹುಡುಕಿದವರಿಗೆ ಸಿಗುವಂತೆ. ರೇಷ್ಮೆಗೂಡಿನ ಮಾರುಕಟ್ಟೆಯ ಬಗ್ಗೆ ಬರೆದಿದ್ದೇನೆ, ಓದಿ ಎಂದು ಘಟಕದ ಸಾಹುಕಾರರಿಗೆ ವಿಳಾಸ ಕೊಟ್ಟವಳೂ ನಾನೇ. ಒಂಬತ್ತನೆಯ ದಿನ ಅವರು ಆ ಪುಟ ಓದಿ ಶಕೀಲಾಳನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದರು.

ಅತ್ತುಕೊಂಡು ಬಂದಳು. “ನೀವ್ ಹೇಳೋರಲ್ಲ ಅಕ್ಕ. ಅವಳೇ, ಆ ಚಾಡಿಬುರುಕಿ ಮುಮ್ತಾಜೇ.”

ಹೇಳಲೆಂದು ಬಾಯಿ ತೆರೆದೆ — ಬಂದ ಮಾತು, “ಟೀಗೆ ಸಕ್ಕರೆ ಸಾಕೇನಮ್ಮ?”

ಆ ವರ್ಷದ ರಂಜಾನ್ ಹಬ್ಬಕ್ಕೆ ಮುಮ್ತಾಜ್ ತಂದ ಶೀರ್ ಖುರ್ಮಾ ಪಾಯಸ ಶಕೀಲಾಳ ಬಾಗಿಲಿನಿಂದಲೇ ಹಿಂದಕ್ಕೆ ಹೋಯಿತು. ಕಿಟಕಿಯಿಂದ ನೋಡಿದೆ. ಕುದಿನೀರಿಗೆ ಬಿದ್ದಿದ್ದರೆ ಏನು ಗತಿ, ಕೆಲಸ ಹೋದದ್ದು ಒಳ್ಳೆಯದೇ ಆಯಿತು — ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಅದನ್ನು ತೀರ್ಮಾನಿಸಬೇಕಾದವಳು ಶಕೀಲಾ. ಮುಮ್ತಾಜಳದಂತೂ ಯಾವ ತಪ್ಪೂ...

ಇವತ್ತು ಎಲ್ಲ ಕೇಳಿ ಶಕೀಲಾ ಟೀ ಲೋಟ ಪಕ್ಕಕ್ಕೆ ಸರಿಸಿದಳು.

“ಆರು ವರ್ಷ ಅವಳ ಮನೆ ನೀರೂ ಮುಟ್ಟಿಲ್ಲ ಕಣಕ್ಕ ನಾನು. ನೀವು ದಿನಾ ನನ್ ಎದುರಿಗೇ ಕೂತು ಟೀ ಕುಡಿದ್ರಲ್ಲ.” ಚಪ್ಪಲಿ ಮೆಟ್ಟಿಕೊಂಡು ತಿರುಗಿದಳು. “ನಾಳೆ ಅವಳ ಮನೆಗೆ ಹೋಗಣ. ನಾನ್ ಬಾಯಿ ಬಿಡಲ್ಲ. ನೀವೇ ಹೇಳ್ಬೇಕು.”

ಹೋಗುತ್ತೇನೆ. ಮುಮ್ತಾಜ್ ಬಾಗಿಲು ತೆಗೆಯುತ್ತಾಳೋ ಇಲ್ಲವೋ.

ರಾತ್ರಿ ಮುದ್ದೆ, ಹುರುಳಿಕಾಳು ಸಾರು. ಯಜಮಾನರಿಗೂ ಹೇಳಿದೆ; ಉಂಡು ಎದ್ದು ಕೈ ತೊಳೆದರು. ನನ್ನ ಮುದ್ದೆ ತಟ್ಟೆಯಲ್ಲೇ ಗಟ್ಟಿಯಾಯಿತು. ಅವರು ಮೊದಲು ಮಲಗಿದರು; ನಾನು ಇದನ್ನು ಬರೆಯುತ್ತ ಕೂತೆ.